ಗೋಲಿ ಎಣಿಸಿದ ಮೇಲೆ: ಯಾಹ್ಯಾ ಜಾಮೆ ಗದ್ದುಗೆ ಬಿಡದ ಏಳು ವಾರ

2016ರ ಡಿಸೆಂಬರ್ 2ರ ರಾತ್ರಿ ಗ್ಯಾಂಬಿಯಾದ ಸರ್ಕಾರಿ ಟೀವಿ ಒಂದು ಫೋನ್ ಮಾತುಕತೆಯನ್ನು ಬಿತ್ತರಿಸಿತು. 22 ವರ್ಷ ದೇಶ ಆಳಿದ ಯಾಹ್ಯಾ ಜಾಮೆ ನಗುನಗುತ್ತಲೇ ಎದುರಾಳಿ ಅದಮಾ ಬ್ಯಾರೋ ಅವರಿಗೆ ಕರೆ ಮಾಡಿ, ಆಯ್ಕೆಯಾದ ಅಧ್ಯಕ್ಷರು ನೀವೇ, ಒಳ್ಳೆಯದಾಗಲಿ ಎಂದು ಹಾರೈಸಿದರು. ಜನ ಬೀದಿಗಿಳಿದು ಕುಣಿದರು. ಸರಿಯಾಗಿ ಒಂದು ವಾರ ಕಳೆದು, ಡಿಸೆಂಬರ್ 9ರಂದು, ಅದೇ ಜಾಮೆ ಅದೇ ಟೀವಿಯಲ್ಲಿ ಬಂದು ಈ ಫಲಿತಾಂಶವನ್ನು ಪೂರ್ತಿ ತಿರಸ್ಕರಿಸಿದ್ದೇನೆ, ಹೊಸದಾಗಿ ಚುನಾವಣೆ ನಡೆಯಬೇಕು ಎಂದರು. ಕೊನೆಗೆ ಅವರು ದೇಶ ಬಿಟ್ಟದ್ದು 2017ರ ಜನವರಿ 21ಕ್ಕೆ.

ಸೋತ ಸರ್ವಾಧಿಕಾರಿ ಕುರ್ಚಿ ಬಿಡದಿದ್ದರೆ ನಾವು ಅದನ್ನು ಹಟ, ದುರಾಸೆ ಎಂದು ಹೇಳಿ ಮುಗಿಸುತ್ತೇವೆ. ಹಟವೇನೋ ಇರುತ್ತದೆ. ಆದರೆ ಬರೀ ಹಟದಿಂದ ದೇಶ ಆಳಲಾಗುವುದಿಲ್ಲ. ಎಣಿಕೆಯನ್ನು ತಿದ್ದಿಸಬೇಕು, ಅದಾಗದಿದ್ದರೆ ಕೋರ್ಟಿನಿಂದ ರದ್ದು ಮಾಡಿಸಬೇಕು, ಅಧಿಕಾರಾವಧಿ ಮುಗಿಯದಂತೆ ಕಾನೂನಿನಲ್ಲಿ ಒಂದು ಕಿಂಡಿ ಹುಡುಕಬೇಕು, ಸೈನ್ಯ ಬೆನ್ನಿಗೆ ನಿಲ್ಲಬೇಕು, ನೆರೆಯವರು ಸುಮ್ಮನಿರಬೇಕು. ಜಾಮೆ ಇವನ್ನೆಲ್ಲ ಒಂದೊಂದಾಗಿ ಪ್ರಯತ್ನಿಸಿದರು. ಒಂದೂ ಕೈಹಿಡಿಯಲಿಲ್ಲ, ಮತ್ತು ಅವುಗಳಲ್ಲಿ ಹೆಚ್ಚಿನವನ್ನು ಅವರೇ ಹಿಂದೆ ಮುರಿದು ಹಾಕಿದ್ದರು. ಗ್ಯಾಂಬಿಯಾದ ಪ್ರಕರಣವನ್ನು ಬಿಡಿಸಿ ನೋಡಲು ಇದೇ ಕಾರಣ ಸಾಕು.

ಗ್ಯಾಂಬಿಯಾ ಎಂದರೆ ಗ್ಯಾಂಬಿಯಾ ನದಿಯ ಎರಡೂ ದಡಕ್ಕೆ ಅಂಟಿಕೊಂಡ ಒಂದು ಸಣ್ಣ ಪಟ್ಟಿ. ಆಫ್ರಿಕಾದ ಮುಖ್ಯಭೂಮಿಯಲ್ಲಿ ಇದಕ್ಕಿಂತ ಚಿಕ್ಕ ದೇಶವಿಲ್ಲ. ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್, ಆಗಿನ ಜನಸಂಖ್ಯೆ ಸುಮಾರು 20 ಲಕ್ಷ. ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ, ಉಳಿದ ಮೂರು ಕಡೆಯೂ ಸೆನೆಗಲ್. ಈ ನಕ್ಷೆಯನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಇದೇ ನಿರ್ಣಾಯಕವಾಗುತ್ತದೆ. 1965ರಲ್ಲಿ ಬ್ರಿಟನ್ನಿನಿಂದ ಸ್ವಾತಂತ್ರ್ಯ ಬಂತು. 1994ರ ಜುಲೈ 22ರಂದು, 29 ವರ್ಷದ ಲೆಫ್ಟಿನೆಂಟ್ ಜಾಮೆ ಸೈನಿಕ ಕ್ಷಿಪ್ರಕ್ರಾಂತಿ ನಡೆಸಿ ದಾವ್ದಾ ಜವಾರಾ ಅವರ ಸರ್ಕಾರವನ್ನು ಉರುಳಿಸಿದರು. ಆಮೇಲೆ 1996, 2001, 2006, 2011ರ ಚುನಾವಣೆಗಳನ್ನೂ ಗೆದ್ದರು. ಏಡ್ಸ್ ವಾಸಿ ಮಾಡುತ್ತೇನೆಂದು 2007ರಲ್ಲಿ ಸಾರಿದ್ದು, ದೇವರು ಬಯಸಿದರೆ ನೂರು ಕೋಟಿ ವರ್ಷ ಆಳುತ್ತೇನೆಂದು 2011ರಲ್ಲಿ ಹೇಳಿದ್ದು ಹೊರಗಿನವರಿಗೆ ನಗೆಪಾಟಲಾಗಿ ಕಂಡಿತು. ಒಳಗಿದ್ದವರಿಗೆ ಕಂಡದ್ದು ಬೇರೆ: 2000ದ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು, 2004ರಲ್ಲಿ ಪತ್ರಕರ್ತ ದೇಯ್ದಾ ಹೈದರಾ ಅವರ ಕೊಲೆ, ಗುಪ್ತಚರ ಸಂಸ್ಥೆಯ ಕೋಣೆಗಳಲ್ಲಿ ಚಿತ್ರಹಿಂಸೆ.

ಹಾಗಾದರೆ ಇಂಥವರು ಸೋತದ್ದಾದರೂ ಹೇಗೆ? ಅವರೇ ಬರೆಸಿದ ನಿಯಮಗಳಿಂದ. 1997ರ ಸಂವಿಧಾನದಲ್ಲಿ ಮೊದಲು ಎರಡು ಸುತ್ತಿನ ಮತದಾನಕ್ಕೆ ಅವಕಾಶವಿತ್ತು. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಾರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಸುತ್ತು. 2001ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ವಿರೋಧ ಪಕ್ಷಗಳು ಚದುರಿರುವ ತನಕ ಒಂದೇ ಸುತ್ತು ಆಳುವವರಿಗೆ ಲಾಭ. 2015ರಲ್ಲಿ ಮತ್ತೊಂದು ತಿದ್ದುಪಡಿ ಬಂತು: ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರ ಠೇವಣಿ 10,000 ದಲಾಸಿಯಿಂದ (ದಲಾಸಿ ಗ್ಯಾಂಬಿಯಾದ ನಾಣ್ಯ) 5 ಲಕ್ಷ ದಲಾಸಿಗೆ, ಅಂದರೆ 50 ಪಟ್ಟು ಏರಿತು. ಸಣ್ಣ ಪಕ್ಷಗಳನ್ನು ಹೊರಗಿಡುವುದು ಉದ್ದೇಶ. ಆದದ್ದು ಮಾತ್ರ ಬೇರೆ. ಒಬ್ಬೊಬ್ಬರೇ ನಿಲ್ಲುವುದು ದುಬಾರಿಯಾದಾಗ ಒಟ್ಟಾಗುವುದಕ್ಕೆ ಇನ್ನೊಂದು ಕಾರಣ ಸಿಕ್ಕಿತು.

ಅದಕ್ಕಿಂತ ದೊಡ್ಡ ಕಾರಣ 2016ರ ಏಪ್ರಿಲ್ 14ರಂದು ಒದಗಿತ್ತು. ಚುನಾವಣಾ ಸುಧಾರಣೆ ಕೇಳಿ ಬೀದಿಗಿಳಿದ ವಿರೋಧ ಪಕ್ಷ ಯುಡಿಪಿಯ ಯುವ ಮುಖಂಡ ಸೋಲೋ ಸಾಂಡೆಂಗ್ ಬಂಧನದಲ್ಲೇ ಸತ್ತರು. ಅವರೆಲ್ಲಿ ಎಂದು ಕೇಳಲು ಮೆರವಣಿಗೆ ಹೊರಟ ಪಕ್ಷದ ನಾಯಕ ಉಸೈನು ದರ್ಬೋ ಅವರಿಗೆ ಮೂರು ವರ್ಷದ ಜೈಲಾಯಿತು. ದಶಕಗಳ ಕಾಲ ಪರಸ್ಪರ ಮುಖ ತಿರುಗಿಸಿಕೊಂಡಿದ್ದ ಪಕ್ಷಗಳು ಅಕ್ಟೋಬರ್ ಕೊನೆಗೆ ಒಬ್ಬರೇ ಅಭ್ಯರ್ಥಿಗೆ ಒಪ್ಪಿದವು. ಆ ಅಭ್ಯರ್ಥಿ ಯುಡಿಪಿಯ ಖಜಾಂಚಿಯಾಗಿದ್ದ, ಮನೆ-ನಿವೇಶನ ವ್ಯವಹಾರದ ಬ್ಯಾರೋ. ದೊಡ್ಡ ನಾಯಕ ಜೈಲಿಗೆ ಹೋಗಿರದಿದ್ದರೆ ಇಷ್ಟು ಕಡಿಮೆ ಪರಿಚಿತ ಮನುಷ್ಯನ ಹಿಂದೆ ಎಲ್ಲರೂ ನಿಲ್ಲುತ್ತಿದ್ದರೋ ಇಲ್ಲವೋ, ಅನುಮಾನ.

ಇನ್ನು ಮತದಾನದ ವಿಧಾನ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಜಾಮೆಗೆ ಎಣಿಕೆಯನ್ನು ಅಲ್ಲಾಡಿಸಲಾಗದೆ ಹೋದದ್ದರ ಗುಟ್ಟು ಇಲ್ಲಿದೆ. ಗ್ಯಾಂಬಿಯಾದಲ್ಲಿ ಮತಪತ್ರ ಇಲ್ಲ, ಯಂತ್ರವೂ ಇಲ್ಲ. ಗಾಜಿನ ಗೋಲಿ ಹಾಕುತ್ತಾರೆ. ಓದು ಬಾರದ ಮತದಾರರೇ ಹೆಚ್ಚಿದ್ದ 1960ರ ದಶಕದಲ್ಲಿ ಬಂದ ಪದ್ಧತಿ ಇದು. ಮತಗಟ್ಟೆಯಲ್ಲಿ ಗುರುತಿನ ಚೀಟಿ ತೋರಿಸಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಮೇಲೆ ಅಧಿಕಾರಿ ಒಂದು ಗೋಲಿ ಕೊಡುತ್ತಾರೆ. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಲೋಹದ ಡ್ರಮ್ ಇರುತ್ತದೆ, ಮೇಲೆ ಅವರ ಚಿತ್ರ ಮತ್ತು ಚಿಹ್ನೆ. 2016ರಲ್ಲಿ ಜಾಮೆಯದು ಹಸಿರು, ಬ್ಯಾರೋ ಅವರದು ಬೂದು, ಮೂರನೆಯ ಅಭ್ಯರ್ಥಿ ಮಾಮಾ ಕಾಂದೆಯವರದು ನೇರಳೆ. ಡ್ರಮ್ಮಿನ ನೆತ್ತಿಯ ಮೇಲಿನ ಕೊಳವೆಯಲ್ಲಿ ಗೋಲಿ ಬಿಟ್ಟರೆ ಅದು ಒಳಗಿನ ಗಂಟೆಗೆ ಬಡಿದು ಕೆಳಗೆ ಬೀಳುತ್ತದೆ. ನಮ್ಮ ಮತಯಂತ್ರದ ಬೀಪ್ ಮಾಡುವ ಕೆಲಸವನ್ನೇ ಈ ಗಂಟೆ ಮಾಡುತ್ತದೆ: ಒಬ್ಬರು ಒಳಹೋದಾಗ ಎರಡು ಸಲ ಸದ್ದಾದರೆ ಹೊರಗಿದ್ದವರಿಗೆಲ್ಲ ತಿಳಿಯುತ್ತದೆ. ಬಿದ್ದ ಗೋಲಿ ಬೇರೆ ಗೋಲಿಗಳಿಗೆ ತಾಗಿ ಮತ್ತೆ ಸದ್ದಾಗದಿರಲಿ ಎಂದು ತಳಕ್ಕೆ ಮರಳನ್ನೋ ಮರದ ಹೊಟ್ಟನ್ನೋ ಹರಡಿರುತ್ತಾರೆ. ಸೈಕಲ್ ಗಂಟೆಯ ಸದ್ದಿಗೂ ಇದಕ್ಕೂ ಗೊಂದಲವಾಗಬಾರದೆಂದು ಮತದಾನದ ದಿನ ಮತಗಟ್ಟೆಯ ಹತ್ತಿರ ಸೈಕಲ್ಲಿಗೆ ನಿಷೇಧ.

ಎಣಿಸುವುದು ಇನ್ನೂ ಸರಳ. 200 ಅಥವಾ 500 ಕುಳಿಗಳಿರುವ ತಟ್ಟೆಗೆ ಗೋಲಿಗಳನ್ನು ಸುರಿದು ಕೈಯಾಡಿಸಿದರೆ ಒಂದೊಂದು ಕುಳಿಗೆ ಒಂದೊಂದು ಕೂರುತ್ತದೆ. ತಟ್ಟೆ ತುಂಬಿತೆಂದರೆ 200 ಅಥವಾ 500 ಆಯಿತು. ಬೆರಳು ಮಡಚುವ ಕೆಲಸವಿಲ್ಲ, ಗೋಲಿ ಕುಲಗೆಟ್ಟ ಮತವಾಗುವುದಿಲ್ಲ, ಯಾರಿಗೆ ಬಿದ್ದಿದೆ ಎಂಬ ವಾದವೂ ಏಳುವುದಿಲ್ಲ. ತಪ್ಪಬಹುದಾದದ್ದು ಎರಡೇ ಕಡೆ: ಡ್ರಮ್ಮನ್ನು ಸಾಗಿಸುವ ದಾರಿಯಲ್ಲಿ, ಮತ್ತು ಲೆಕ್ಕ ಕೂಡಿಸುವ ಕಾಗದದಲ್ಲಿ. 2016ರಲ್ಲಿ ಮೊದಲನೆಯದಕ್ಕೆ ಬಾಗಿಲು ಹಾಕಿತ್ತು. ಆ ಬಾರಿ ಡ್ರಮ್‌ಗಳನ್ನು ಸಾಗಿಸದೆ 1,422 ಮತಗಟ್ಟೆಗಳಲ್ಲೇ, ಪಕ್ಷಗಳ ಏಜೆಂಟರ ಕಣ್ಣೆದುರೇ ಎಣಿಕೆ ನಡೆಯಿತು. ಮತದಾನದ ಹಿಂದಿನ ಸಂಜೆಯೇ ಇಂಟರ್‌ನೆಟ್ಟನ್ನೂ ಅಂತರರಾಷ್ಟ್ರೀಯ ಕರೆಗಳನ್ನೂ ಸರ್ಕಾರ ಕಡಿದುಹಾಕಿತ್ತು. ಆದರೆ ಪ್ರತಿ ಮತಗಟ್ಟೆಯ ಅಂಕಿ ಎಲ್ಲ ಪಕ್ಷದವರ ಕೈಯಲ್ಲೂ ಇರುವಾಗ ರಾಜಧಾನಿಯಲ್ಲಿ ಕೂತು ಬೇರೆ ಅಂಕಿ ಓದುವುದು ಕಷ್ಟ.

ಎರಡನೆಯ ಬಾಗಿಲು, ಅಂದರೆ ಕೂಡಿಸುವ ಲೆಕ್ಕ, ತೆರೆದೇ ಇತ್ತು. ಚುನಾವಣಾ ಆಯೋಗದ ಅಧ್ಯಕ್ಷ ಅಲಿಯು ಮೊಮರ್ ಎನ್‌ಜಾಯ್ ಡಿಸೆಂಬರ್ 2ರಂದು ಘೋಷಿಸಿದ ಅಂಕಿಗಳು ಹೀಗಿದ್ದವು: ಬ್ಯಾರೋ 2,63,515, ಜಾಮೆ 2,12,099, ಕಾಂದೆ 1,02,969. ಮೂರು ದಿನದಲ್ಲಿ ಆಯೋಗವೇ ತಪ್ಪು ಹಿಡಿಯಿತು. ದೇಶದ ಪೂರ್ವ ತುದಿಯ ಬಸ್ಸೆ ಪ್ರದೇಶದ ಅಂಕಿಗಳನ್ನು ಕೂಡಿಸುವಲ್ಲಿ ಎಡವಿದ್ದರು. ಡಿಸೆಂಬರ್ 5ರ ತಿದ್ದಿದ ಪಟ್ಟಿಯಲ್ಲಿ ಬ್ಯಾರೋ 2,27,708 (ಶೇ 43.3), ಜಾಮೆ 2,08,487 (ಶೇ 39.6), ಕಾಂದೆ 89,768 (ಶೇ 17.1). ಗೆದ್ದವರು ಬದಲಾಗಲಿಲ್ಲ. ಆದರೆ ಅಂತರ 51,416ರಿಂದ 19,221ಕ್ಕೆ ಇಳಿಯಿತು. ಆಯೋಗ ಪ್ರಾಮಾಣಿಕವಾಗಿ ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿತ್ತು, ನಿಜ. ಆದರೆ ನೆಪ ಹುಡುಕುವವರಿಗೆ ಇಷ್ಟು ಸಾಕಲ್ಲ. ಅಂಕಿಯನ್ನು ಘೋಷಿಸುವ ಮೊದಲು ಮತ್ತೊಮ್ಮೆ ಕೂಡಿ ನೋಡಿದ್ದರೆ ಜಾಮೆಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ.

ಶೇ 43 ಮತದಲ್ಲಿ ಗೆಲುವು ಎಂಬುದನ್ನು ಗಮನಿಸಿ. 2001ರಲ್ಲಿ ತೆಗೆದುಹಾಕಿದ ಎರಡನೆಯ ಸುತ್ತು ಇದ್ದಿದ್ದರೆ ಆಟ ಇಲ್ಲಿಗೆ ಮುಗಿಯುತ್ತಿರಲಿಲ್ಲ. ಕಾಂದೆ ಹಿಂದೆ ಜಾಮೆಯ ಎಪಿಆರ್‌ಸಿ ಪಕ್ಷದಲ್ಲೇ ಇದ್ದವರು. ಅವರ ಶೇ 17 ಮತಗಳಿಗಾಗಿ ಚೌಕಾಸಿ ಮಾಡಲು, ಪೊಲೀಸರನ್ನೂ ರೇಡಿಯೋವನ್ನೂ ಬಳಸಿ ಹೆದರಿಸಲು ಆಳುವ ಅಧ್ಯಕ್ಷರಿಗೆ ಸಮಯ ಸಿಗುತ್ತಿತ್ತು.

ಮೊದಲು ಒಪ್ಪಿದವರು ವಾರದಲ್ಲಿ ಯಾಕೆ ತಿರುಗಿಬಿದ್ದರು? ಅಂತರ ಕಡಿಮೆಯಾದದ್ದು ಒಂದು. ಇನ್ನೊಂದು, ನನ್ನ ಲೆಕ್ಕದಲ್ಲಿ ಹೆಚ್ಚು ತೂಕದ್ದು: ಭಯ. ಡಿಸೆಂಬರ್ 5ರಂದು ದರ್ಬೋ ಮತ್ತು ಸಂಗಡಿಗರು ಜಾಮೀನಿನ ಮೇಲೆ ಹೊರಬಂದರು. ಎರಡು ದಿನದ ಮೇಲೆ ಮೈತ್ರಿಕೂಟದ ನಾಯಕಿ ಫಾತುಮಾತಾ ಜಲ್ಲೋ-ತಂಬಜಾಂಗ್ ಬ್ರಿಟನ್ನಿನ ಪತ್ರಿಕೆಯೊಂದಕ್ಕೆ, ವರ್ಷದೊಳಗೆ ಜಾಮೆ ವಿಚಾರಣೆ ಎದುರಿಸುತ್ತಾರೆ ಎಂದುಬಿಟ್ಟರು. ನ್ಯಾಯದ ದೃಷ್ಟಿಯಿಂದ ತಪ್ಪೇನಿಲ್ಲ. ಆದರೆ ಸೇನೆ, ಗುಪ್ತಚರ, ಬೊಕ್ಕಸ ಎಲ್ಲವೂ ಇನ್ನೂ ಜಾಮೆಯ ಕೈಯಲ್ಲೇ ಇತ್ತು, ಅಧಿಕಾರ ಹಸ್ತಾಂತರಕ್ಕೆ ಆರು ವಾರ ಬಾಕಿ ಇತ್ತು. ಕುರ್ಚಿ ಬಿಟ್ಟರೆ ಕಂಬಿ ಎಂದು ಗೊತ್ತಾದವರು ಕುರ್ಚಿಗೆ ಅಂಟುತ್ತಾರೆ.

ತಿರಸ್ಕರಿಸಿದ ಮೇಲೆ ಅದಕ್ಕೆ ಕಾನೂನಿನ ಅಂಗಿ ತೊಡಿಸಬೇಕಿತ್ತು. ಡಿಸೆಂಬರ್ 13ರಂದು ಭದ್ರತಾ ಪಡೆಗಳು ಆಯೋಗದ ಕಚೇರಿಯನ್ನು ವಶಕ್ಕೆ ಪಡೆದವು. ಅದೇ ದಿನ ಎಪಿಆರ್‌ಸಿ ಸುಪ್ರೀಂ ಕೋರ್ಟಿಗೆ ತಕರಾರು ಅರ್ಜಿ ಹಾಕಿತು. ಸಂವಿಧಾನದಲ್ಲಿ ಅದಕ್ಕೆ ಅವಕಾಶವಿದೆ. ಸಿಕ್ಕಿಹಾಕಿಕೊಂಡದ್ದು ಬೇರೆ ಕಡೆ: ವಿಚಾರಣೆಗೆ ಕನಿಷ್ಠ ಐವರು ನ್ಯಾಯಮೂರ್ತಿಗಳ ಪೀಠ ಬೇಕು, ದೇಶದಲ್ಲಿದ್ದವರು ಒಬ್ಬರೇ. ತಮಗಾಗದ ತೀರ್ಪು ಬಂದಾಗಲೆಲ್ಲ ನ್ಯಾಯಮೂರ್ತಿಗಳನ್ನು ಕಿತ್ತು ಹಾಕುವುದು ಜಾಮೆಯ ಪರಿಪಾಠ. 2015ರ ಮೇ ತಿಂಗಳಿನಿಂದ ಸುಪ್ರೀಂ ಕೋರ್ಟು ಕಲಾಪವನ್ನೇ ನಡೆಸಿರಲಿಲ್ಲ. ಉಳಿದಿದ್ದವರು ನೈಜೀರಿಯಾದಿಂದ ಬಂದ ಮುಖ್ಯ ನ್ಯಾಯಮೂರ್ತಿ ಇಮ್ಯಾನ್ಯುಯೆಲ್ ಫಾಗ್ಬೆನ್ಲೆ ಮಾತ್ರ. ನೈಜೀರಿಯಾ ಮತ್ತು ಸಿಯೆರಾ ಲಿಯೋನ್‌ಗಳಿಂದ ನ್ಯಾಯಮೂರ್ತಿಗಳನ್ನು ಎರವಲು ತರಿಸುವ ಯತ್ನ ನಡೆಯಿತು. ಆ ಎರಡೂ ದೇಶಗಳ ಅಧ್ಯಕ್ಷರು ಜಾಮೆಗೆ ಕುರ್ಚಿ ಬಿಡಿ ಎನ್ನುತ್ತಿದ್ದವರು, ಯಾರೂ ಬರಲಿಲ್ಲ. ಜನವರಿ 10ರಂದು ಫಾಗ್ಬೆನ್ಲೆ ಒಬ್ಬರೇ ಕೂತು, ಮೇ ತಿಂಗಳಿಗೆ ಮೊದಲು ಪೀಠ ಕೂಡುವ ಸಾಧ್ಯತೆ ಕಡಿಮೆ ಎಂದು ಹೇಳಿದರು. ಪ್ರಮಾಣವಚನಕ್ಕೆ ತಡೆ ಕೋರಿದ ಇನ್ನೊಂದು ಅರ್ಜಿಯಿಂದಲೂ ಅವರು ಹಿಂದೆ ಸರಿದರು. ಪ್ರಮಾಣವಚನ ಬೋಧಿಸಬೇಕಾದವರು ತಾವೇ ಆದ್ದರಿಂದ ಆ ಅರ್ಜಿ ತಮ್ಮ ವಿರುದ್ಧವೇ ಇದ್ದಂತೆ ಎಂಬುದು ಅವರು ಕೊಟ್ಟ ಕಾರಣ.

ಐವರಿ ಕೋಸ್ಟ್‌ನಲ್ಲಿ 2010ರಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಅಲ್ಲಿ ಚುನಾವಣಾ ಆಯೋಗ ಎದುರಾಳಿ ಅಲಸಾನ್ ವಟ್ಟಾರಾ ಅವರಿಗೆ ಶೇ 54 ಎಂದು ಘೋಷಿಸಿತು. ಮರುದಿನವೇ, ಆಳುತ್ತಿದ್ದ ಅಧ್ಯಕ್ಷ ಲೊರೆಂ ಬಾಗ್ಬೋ ಅವರ ಆಪ್ತರು ಮುನ್ನಡೆಸುತ್ತಿದ್ದ ಸಂವಿಧಾನ ಮಂಡಳಿ ಉತ್ತರ ಭಾಗದ ಮತಗಳನ್ನು ರದ್ದುಮಾಡಿ ಬಾಗ್ಬೋಗೆ ಶೇ 51 ಕೊಟ್ಟಿತು. ಕೈಗೊಂಬೆಯಾದರೂ ಅದು ಸಂವಿಧಾನದ ಸಂಸ್ಥೆ. ಹಾಗಾಗಿ ದೇಶಕ್ಕೆ ಇಬ್ಬರು ಅಧ್ಯಕ್ಷರಾದರು. ನಾಲ್ಕು ತಿಂಗಳ ಕಾದಾಟದಲ್ಲಿ ಸುಮಾರು 3,000 ಜನ ಸತ್ತರು, 2011ರ ಏಪ್ರಿಲ್ 11ಕ್ಕೆ ಬಾಗ್ಬೋ ಸೆರೆಯಾದರು. ಹೇಳಿದ ಹಾಗೆ ಕೇಳುವ ಕೋರ್ಟು ಸರ್ವಾಧಿಕಾರಿಗೆ ಉಪಯೋಗಕ್ಕೆ ಬರುತ್ತದೆ, ಇಲ್ಲದ ಕೋರ್ಟು ಬರುವುದಿಲ್ಲ.

ಉಳಿದದ್ದು ಕ್ಯಾಲೆಂಡರ್. ಜಾಮೆಯ ಅವಧಿ 2017ರ ಜನವರಿ 18ರ ಮಧ್ಯರಾತ್ರಿಗೆ ಮುಗಿಯಬೇಕಿತ್ತು. 17ರಂದು ಅವರು 90 ದಿನಗಳ ತುರ್ತುಪರಿಸ್ಥಿತಿ ಘೋಷಿಸಿದರು, ಸಂಸತ್ತು ಅವಧಿಯನ್ನು ಮೂರು ತಿಂಗಳು ಹಿಗ್ಗಿಸಿತು. (ರಾಜಧಾನಿ ಬಾಂಜುಲ್‌ನ ಆ ಸಂಸತ್ ಭವನ ಭಾರತದ ಸಾಲದ ನೆರವಿನಿಂದ ಕಟ್ಟಿದ್ದು, 2019ರಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅಲ್ಲಿಗೆ ಹೋಗಿ ಭಾಷಣ ಮಾಡಿದರು.) ಆದರೆ ಒಳಗೆ ಹಿಗ್ಗಿಸಿದ ಅವಧಿಯನ್ನು ಹೊರಗೆ ಯಾರಾದರೂ ಒಪ್ಪಬೇಕಲ್ಲ. ಜನವರಿ 19ರಿಂದ ಜಾಮೆಯನ್ನು ಅಧ್ಯಕ್ಷರೆಂದು ಮಾನ್ಯ ಮಾಡುವುದಿಲ್ಲ ಎಂದು ಆಫ್ರಿಕಾ ಒಕ್ಕೂಟದ ಶಾಂತಿ ಮತ್ತು ಭದ್ರತಾ ಮಂಡಳಿ ಒಂದು ವಾರ ಮೊದಲೇ ದಿನಾಂಕ ಹಾಕಿ ಹೇಳಿತ್ತು. ಬೆದರಿಕೆಗೆ ದಿನಾಂಕ ಇದ್ದದ್ದರಿಂದಲೇ ಮಂತ್ರಿಗಳು ಲೆಕ್ಕ ಹಾಕತೊಡಗಿದರು. ಹಣಕಾಸು, ವಿದೇಶಾಂಗ ಮಂತ್ರಿಗಳು ಹೋದರು, ಕೊನೆಗೆ ಬಹುಕಾಲದ ಉಪಾಧ್ಯಕ್ಷೆ ಇಸಾತು ಎನ್‌ಜಿ-ಸೈದಿಯೂ ರಾಜೀನಾಮೆ ಕೊಟ್ಟರು.

ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ಎಕೊವಾಸ್ ಇಷ್ಟು ಬೇಗ ಎದ್ದದ್ದು ಯಾಕೆ ಎಂಬುದು ಕೇಳಬೇಕಾದ ಪ್ರಶ್ನೆ. ಸಂವಿಧಾನಬಾಹಿರವಾಗಿ ಅಧಿಕಾರ ಹಿಡಿಯುವುದನ್ನು, ಉಳಿಸಿಕೊಳ್ಳುವುದನ್ನು ಒಪ್ಪುವುದಿಲ್ಲ ಎಂಬ ಅದರ ಒಡಂಬಡಿಕೆ 2001ರಷ್ಟು ಹಳೆಯದು. ಆದರೆ ಕಾಗದ ತಾನಾಗಿ ಕೆಲಸ ಮಾಡುವುದಿಲ್ಲ. ಜಾಮೆಗೆ ಸ್ನೇಹಿತರೇ ಇರಲಿಲ್ಲ. ಅಧ್ಯಕ್ಷರಿಗೆ ಎರಡೇ ಅವಧಿ ಎಂಬ ನಿಯಮವನ್ನು 2015ರಲ್ಲಿ ಒಕ್ಕೂಟ ತರಹೊರಟಾಗ ಅಡ್ಡಗಾಲು ಹಾಕಿದ್ದು ಟೋಗೊ ಮತ್ತು ಗ್ಯಾಂಬಿಯಾ. ಸೆನೆಗಲ್‌ಗಂತೂ ಹಳೆಯ ಗಾಯಗಳಿದ್ದವು: ತನ್ನ ದಕ್ಷಿಣದ ಕಾಸಮಾನ್ಸ್‌ನಲ್ಲಿ 1982ರಿಂದ ನಡೆದಿರುವ ಬಂಡಾಯಕ್ಕೆ ಜಾಮೆಯ ಆಸರೆ ಇದೆ ಎಂಬ ಸಿಟ್ಟು, ಜೊತೆಗೆ 2016ರ ಆರಂಭದಲ್ಲಿ ಗ್ಯಾಂಬಿಯಾ ದಾಟುವ ಲಾರಿಗಳ ಶುಲ್ಕವನ್ನು 4,000 ಸಿಎಫ್‌ಎ ಫ್ರಾಂಕ್‌ನಿಂದ 4 ಲಕ್ಷಕ್ಕೆ ಏರಿಸಿ ಗಡಿಯೇ ತಿಂಗಳುಗಟ್ಟಲೆ ಮುಚ್ಚುವಂತೆ ಮಾಡಿದ್ದು. ಡಿಸೆಂಬರ್ 13ರಂದು ಬಾಂಜುಲ್‌ಗೆ ಬಂದ ಅಧ್ಯಕ್ಷರ ನಿಯೋಗದಲ್ಲಿ ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್, ನೈಜೀರಿಯಾದ ಮುಹಮ್ಮದು ಬುಹಾರಿ, ಸಿಯೆರಾ ಲಿಯೋನ್‌ನ ಅರ್ನೆಸ್ಟ್ ಬಾಯ್ ಕೊರೊಮಾ ಇದ್ದರು. ನಾಲ್ಕನೆಯವರು ಘಾನಾದ ಜಾನ್ ಮಹಾಮಾ. ಅವರು ಸ್ವತಃ ಆ ವಾರವಷ್ಟೇ ಚುನಾವಣೆಯಲ್ಲಿ ಸೋತಿದ್ದರು, ಮತ್ತು ಸೋಲೊಪ್ಪಿದ ದಿನ ಡಿಸೆಂಬರ್ 9. ಜಾಮೆ ಮಾತು ಬದಲಿಸಿದ ದಿನವೂ ಅದೇ. ಬುಹಾರಿ ಆಳುವ ಅಧ್ಯಕ್ಷರನ್ನು ಸೋಲಿಸಿ ಬಂದವರು. ಇಂಥವರೆದುರು ಕೂತು ಆಫ್ರಿಕಾದ ಮರ್ಯಾದೆಯ ಮಾತಾಡುವುದು ಸುಲಭವಲ್ಲ.

ಐವರಿ ಕೋಸ್ಟ್‌ನಲ್ಲಿ ಹಣದ ಕೊರಳು ಹಿಸುಕುವ ದಾರಿಯಿತ್ತು. ಎಂಟು ದೇಶಗಳಿಗೆ ಒಂದೇ ಕೇಂದ್ರ ಬ್ಯಾಂಕು ಇದ್ದುದರಿಂದ ಬಾಗ್ಬೋ ಅವರ ಖಾತೆಗೆ ಬೀಗ ಹಾಕಿದರು. ಗ್ಯಾಂಬಿಯಾಕ್ಕೆ ಸ್ವಂತ ನಾಣ್ಯ, ಸ್ವಂತ ಕೇಂದ್ರ ಬ್ಯಾಂಕು. ಆ ದಾರಿ ಇಲ್ಲದ್ದರಿಂದ ಸೈನ್ಯದ ಮಾತು ಬೇಗ ಬಂತು. ಸೆನೆಗಲ್, ನೈಜೀರಿಯಾ, ಘಾನಾ, ಮಾಲಿ, ಟೋಗೊಗಳಿಂದ ಸುಮಾರು 7,000 ಸೈನಿಕರ ಪಡೆ ಸಿದ್ಧವಾಯಿತು. ಗ್ಯಾಂಬಿಯಾದ ಸೇನೆ ಹೆಚ್ಚೆಂದರೆ 2,500.

ಆದರೂ ಒಂದು ಕಾನೂನಿನ ತೊಡಕಿತ್ತು. ಬೇರೆ ದೇಶದೊಳಕ್ಕೆ ಸೈನ್ಯ ನುಗ್ಗಿಸಲು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅನುಮತಿ ಬೇಕು, ಅಥವಾ ಆ ದೇಶದ ಸರ್ಕಾರವೇ ಕರೆಯಬೇಕು. ಬ್ಯಾರೋ ಪ್ರಮಾಣವಚನವನ್ನು ಕಾಯದೆ ಜನವರಿ 19ರಂದೇ ಮುಗಿಸಿದ್ದರ ಅರ್ಥ ಇಲ್ಲಿದೆ. ಅವರ ಸುರಕ್ಷತೆಗಾಗಿ ಎಕೊವಾಸ್ ಅವರನ್ನು ಸೆನೆಗಲ್ ರಾಜಧಾನಿ ಡಾಕಾರ್‌ನಲ್ಲಿ ಇರಿಸಿತ್ತು. ಆ ದಿನಗಳಲ್ಲೇ ಅವರ ಎಂಟು ವರ್ಷದ ಮಗ ನಾಯಿ ಕಚ್ಚಿ ಸತ್ತಾಗ ಮಣ್ಣಿಗೂ ಹೋಗಲಾಗಿರಲಿಲ್ಲ. ಡಾಕಾರ್‌ನ ಗ್ಯಾಂಬಿಯಾ ರಾಯಭಾರ ಕಚೇರಿಯ ಸಣ್ಣ ಕೋಣೆಯಲ್ಲಿ, ಗ್ಯಾಂಬಿಯಾದ ವಕೀಲರ ಸಂಘದ ಅಧ್ಯಕ್ಷರು ಪ್ರಮಾಣವಚನ ಬೋಧಿಸಿದರು. ರಾಯಭಾರ ಕಚೇರಿ ಎಂದರೆ ಗ್ಯಾಂಬಿಯಾದ ನೆಲವೇ ಎಂದು ಅಂದು ಎಲ್ಲೆಡೆ ಬರೆದರು. ಅದು ಸಡಿಲ ಮಾತು. ರಾಯಭಾರ ಕಚೇರಿಗೆ ಆತಿಥೇಯ ದೇಶದ ಪೊಲೀಸರು ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ ಅಷ್ಟೇ, ನೆಲ ಸೆನೆಗಲ್‌ನದೇ. ಕೆಲಸ ಮಾಡಿದ್ದು ನೆಲವಲ್ಲ, ಮಾನ್ಯತೆ. ಜಗತ್ತು ಅಧ್ಯಕ್ಷರೆಂದು ಒಪ್ಪಿದವರು ಈಗ ಬನ್ನಿ ಎಂದು ಕರೆಯಬಹುದಿತ್ತು. ಅದೇ ದಿನ ಭದ್ರತಾ ಮಂಡಳಿ ಒಮ್ಮತದಿಂದ 2337ನೇ ನಿರ್ಣಯ ಅಂಗೀಕರಿಸಿತು. ಅದರ ಪದಗಳನ್ನು ಎಚ್ಚರದಿಂದ ಓದಬೇಕು: ಎಕೊವಾಸ್‌ಗೆ ಬೆಂಬಲವಿದೆ, ಆದರೆ ಮೊದಲು ರಾಜಕೀಯ ಮಾರ್ಗ ಎಂದಿದೆ, ಬಲಪ್ರಯೋಗಕ್ಕೆ ಅನುಮತಿ ಕೊಟ್ಟಿಲ್ಲ. ಆ ಸಂಜೆಯೇ ಸೆನೆಗಲ್‌ನ ಪಡೆಗಳು ಗಡಿ ದಾಟಿದವು, ನೈಜೀರಿಯಾದ ವಿಮಾನಗಳು ಬಾಂಜುಲ್‌ನ ಮೇಲೆ ಹಾರಿದವು.

ಗುಂಡಿನ ಕಾಳಗ ನಡೆಯದ್ದಕ್ಕೆ ಸೇನಾ ಮುಖ್ಯಸ್ಥ ಉಸ್ಮಾನ್ ಬಾಜಿಯೂ ಒಂದು ಕಾರಣ. ಡಿಸೆಂಬರ್ ಮೊದಲಲ್ಲಿ ಬ್ಯಾರೋಗೆ ನಿಷ್ಠೆ ಎಂದವರು, ನಂತರ ಜಾಮೆಗೆ ಎಂದರು, ಜನವರಿ 18ರಂದು ಈ ಮೂರ್ಖ ಜಗಳಕ್ಕೆ ನನ್ನ ಸೈನಿಕರನ್ನು ಇಳಿಸುವುದಿಲ್ಲ ಎಂದರು. ಗಾಳಿ ಬಂದ ಕಡೆಗೆ ವಾಲಿದರು ಎಂದು ಬೈಯಬಹುದು. ಸರ್ವಾಧಿಕಾರ ಕುಸಿಯುವ ಹೊತ್ತಿನಲ್ಲಿ ಬ್ಯಾರಕ್ಕಿನ ಬಹುತೇಕರ ಲೆಕ್ಕ ಇಷ್ಟೇ: ನಾಳೆ ಸಂಬಳ ಕೊಡುವವರು ಯಾರು? ಅಷ್ಟರಲ್ಲಿ ಸುಮಾರು 45,000 ಜನ ಸೆನೆಗಲ್‌ಗೆ ಓಡಿಹೋಗಿದ್ದರು. ಚಳಿಗಾಲದ ಸುಗ್ಗಿಯಲ್ಲಿದ್ದ ಪ್ರವಾಸೋದ್ಯಮ, ಯೂರೋಪಿನವರನ್ನು ವಿಶೇಷ ವಿಮಾನಗಳಲ್ಲಿ ವಾಪಸ್ ಕರೆಸಿಕೊಂಡದ್ದರಿಂದ, ಒಂದೆರಡು ದಿನದಲ್ಲಿ ಬರಿದಾಗಿತ್ತು.

ಕೊನೆಯ ಚೌಕಾಸಿ ನಡೆಸಿದವರು ಆಗಿನ ಅಧ್ಯಕ್ಷರಾದ ಗಿನಿಯ ಆಲ್ಫಾ ಕಾಂಡೆ ಮತ್ತು ಮಾರಿಟೇನಿಯಾದ ಮುಹಮ್ಮದ್ ಉಲ್ದ್ ಅಬ್ದೆಲ್ ಅಜೀಜ್. 21ರ ನಸುಕಿನಲ್ಲಿ ಜಾಮೆ ಟೀವಿಯಲ್ಲಿ ಬಂದು ಅಧಿಕಾರ ಬಿಡುತ್ತೇನೆಂದರು, ರಾತ್ರಿ ವಿಮಾನ ಹತ್ತಿದರು. ಹೋಗಿ ಸೇರಿದ್ದು 1979ರಿಂದ ತೆಯೊದೊರೊ ಒಬಿಯಾಂಗ್ ಆಳುತ್ತಿರುವ ಈಕ್ವಟೋರಿಯಲ್ ಗಿನಿಗೆ. ಆ ಆಯ್ಕೆ ಸುಮ್ಮನೆ ಆದದ್ದಲ್ಲ: ಆ ದೇಶ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯನಲ್ಲ, ಎಕೊವಾಸ್‌ನ ಸದಸ್ಯನೂ ಅಲ್ಲ. ವಿಶ್ವಸಂಸ್ಥೆ, ಆಫ್ರಿಕಾ ಒಕ್ಕೂಟ, ಎಕೊವಾಸ್ ಮೂರೂ ಸೇರಿ ಜಾಮೆಯ ಘನತೆ, ಸುರಕ್ಷತೆ, ಕಾನೂನುಬದ್ಧ ಆಸ್ತಿಗಳಿಗೆ ಧಕ್ಕೆ ಬಾರದೆಂಬ ಹೇಳಿಕೆ ಹೊರಡಿಸಿದವು. ಅವರ ಐಷಾರಾಮಿ ಕಾರುಗಳು ಸರಕು ವಿಮಾನದಲ್ಲಿ ಹೋದವು. ಖಜಾನೆಯಿಂದ ಹೋದದ್ದು 30 ಕೋಟಿ ಡಾಲರಿಗಿಂತ ಹೆಚ್ಚು ಎಂದು ಆಮೇಲೆ ವಿಚಾರಣಾ ಆಯೋಗ ಲೆಕ್ಕ ಹಾಕಿತು. ರಕ್ತ ಹರಿಯದೆ ಕಳಿಸಿದ್ದಕ್ಕೆ ಬೆಲೆ ತೆತ್ತವರು ಜೈಲಿನ ಕೋಣೆಗಳಲ್ಲಿ ಸತ್ತವರ ಮನೆಯವರು. ಸತ್ಯಶೋಧನಾ ಆಯೋಗದ 2021ರ ವರದಿಯ ಪ್ರಕಾರ ಹಾಗೆ ಸರ್ಕಾರದ ಕೈಯಲ್ಲಿ ಸತ್ತವರು 240ರಿಂದ 250 ಜನ. ಜಾಮೆಯ ಒಳಾಡಳಿತ ಮಂತ್ರಿಯಾಗಿದ್ದ ಉಸ್ಮಾನ್ ಸೋಂಕೊ ಅವರಿಗೆ 2024ರಲ್ಲಿ ಸ್ವಿಟ್ಜರ್ಲೆಂಡ್‌ನ ನ್ಯಾಯಾಲಯ 20 ವರ್ಷ ಶಿಕ್ಷೆ ಕೊಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗ್ಯಾಂಬಿಯಾಕ್ಕಾಗಿ ವಿಶೇಷ ನ್ಯಾಯಮಂಡಳಿ ರಚಿಸಲು ಎಕೊವಾಸ್ ಒಪ್ಪಿತು.

ಇನ್ನು ಬ್ಯಾರೋ. ಮೂರೇ ವರ್ಷ ಇರುತ್ತೇನೆ ಎಂದು ಮೈತ್ರಿಕೂಟಕ್ಕೆ ಕೊಟ್ಟ ಮಾತನ್ನು ಬಿಟ್ಟು ಐದೂ ವರ್ಷ ಉಳಿದರು, ಅವಧಿಗೆ ಮಿತಿ ಹಾಕುವ ಹೊಸ ಸಂವಿಧಾನದ ಕರಡು 2020ರಲ್ಲಿ ಸಂಸತ್ತಿನಲ್ಲಿ ಬಿದ್ದುಹೋಯಿತು. ಅವರು ಹೊಸ ಪಕ್ಷ ಕಟ್ಟಿ, 2021ರಲ್ಲಿ ಎಪಿಆರ್‌ಸಿ ಜೊತೆಗೇ ಕೈಜೋಡಿಸಿದರು. ಆ ಡಿಸೆಂಬರ್‌ನಲ್ಲೂ ಡ್ರಮ್, ಗೋಲಿ, ಗಂಟೆ, ಕುಳಿಯ ತಟ್ಟೆ. ಬ್ಯಾರೋಗೆ ಶೇ 53. ಸೋತ ದರ್ಬೋ ಅವರ ಪಕ್ಷ ಫಲಿತಾಂಶ ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋಯಿತು. ಈ ಸಲ ಪೀಠದಲ್ಲಿ ನ್ಯಾಯಮೂರ್ತಿಗಳಿದ್ದರು. ವಿಧಿವಿಧಾನ ಪಾಲಿಸಿಲ್ಲವೆಂಬ ಕಾರಣಕ್ಕೆ ಅವರು ಅರ್ಜಿಯನ್ನು ತಿಂಗಳೊಳಗೇ ವಜಾ ಮಾಡಿದರು.